ಐದನೇ ಜಾಡಿಯ ವಯಸ್ಸು

ತಂಬಾಕಿಗೆ ವಯಸ್ಸಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಯಸ್ಸು ಕಮ್ಮಿಯಾಗುವುದನ್ನು ನೋಡಿದ್ದು ಈ ವರ್ಷವೇ. ಕೇಳಿ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಮೊದಲ ದಿನ ನಾನೂ ನಕ್ಕಿದ್ದೆ.

ನನ್ನ ಕಸುಬು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ನಾನು ತಕ್ಕಡಿ ರಿಪೇರಿಯವನು. ದಿನಸಿ ಅಂಗಡಿಯ ತಕ್ಕಡಿ, ಔಷಧದಂಗಡಿಯ ಸಣ್ಣ ತಕ್ಕಡಿ, ಅಂಚೆ ಕಚೇರಿಯ ಪಾರ್ಸೆಲ್ ತಕ್ಕಡಿ, ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ, ಯಾವುದು ಸುಳ್ಳು ಹೇಳಲು ಶುರುಮಾಡಿದರೂ ನನ್ನ ಮೇಜಿಗೆ ಬರುತ್ತದೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬಿಚ್ಚಿ, ತಿಕ್ಕಿ, ತೂಕದ ಬಟ್ಟುಗಳನ್ನಿಟ್ಟು ಪರೀಕ್ಷೆ ಮಾಡಿ, ಕೊನೆಗೆ ಒಂದು ಚೀಟಿಗೆ ಸಹಿ ಹಾಕಿ ಅಂಟಿಸಿ ಕಳಿಸುತ್ತೇನೆ. ನಲವತ್ತು ವರ್ಷದಲ್ಲಿ ನನ್ನ ಸಹಿಯಿದ್ದ ತಕ್ಕಡಿಯನ್ನು ತಪ್ಪು ತೋರಿಸಿತೆಂದು ಯಾರೂ ವಾಪಸ್ಸು ತಂದಿಲ್ಲ. ನನ್ನ ಹೆಂಡತಿ ಇದನ್ನು ಜಂಬ ಎನ್ನುತ್ತಾಳೆ. ಜಂಬವೇ, ಏನೀಗ?

ಸಂಜೆ ಕೆಲಸ ಮುಗಿಸಿ ಕೈತೊಳೆದ ಮೇಲೆ ಒಂದು ಪೈಪು ಸೇದುತ್ತೇನೆ. ಒಂದೇ. ಅದೂ ಹಿಂದಿನ ಬಾಗಿಲಲ್ಲಿ ನಿಂತುಕೊಂಡು, ಏಕೆಂದರೆ ಒಳಗೆ ಸೇದಿದರೆ ಪರದೆಗಳೆಲ್ಲ ನಾರುತ್ತವೆ ಎಂಬುದು ಮನೆಯಾಕೆಯ ಕಾನೂನು. ಈ ದಿನದ ಪೈಪಿಗೆ ಒಂದು ತಗಡಿನ ಡಬ್ಬಿಯಲ್ಲಿ ಸಾಧಾರಣ ತಂಬಾಕು ಇದೆ. ಆದರೆ ನನ್ನ ಪ್ರಾಣವಿರುವುದು ಕಾರ್ಖಾನೆಗೂ ಅಡುಗೆಮನೆಗೂ ನಡುವಿನ ಪ್ಯಾಸೇಜಿನಲ್ಲಿ, ಕಿಟಕಿಯಿಲ್ಲದ ಕತ್ತಲೆ ಮೂಲೆಯ ಬೀರುವಿನಲ್ಲಿ. ಅಲ್ಲಿ ಹನ್ನೆರಡು ಗಾಜಿನ ಜಾಡಿಗಳಿವೆ.

ಹತ್ತು ವರ್ಷದ ಹಿಂದೆ ಒಂದೇ ವಾರದಲ್ಲಿ, ಒಂದೇ ಮೂಟೆಯ ತಂಬಾಕಿನಿಂದ ಅವನ್ನು ತುಂಬಿದ್ದು. ತಂಬಾಕು ಮಾಗಿಸುವುದೆಂದರೆ ಡಬ್ಬಿಗೆ ಹಾಕಿಟ್ಟು ಸುಮ್ಮನಿರುವುದು ಎಂದು ಜನ ತಿಳಿದಿದ್ದಾರೆ. ಅಷ್ಟು ಸುಲಭವಾಗಿದ್ದರೆ ಎಲ್ಲರೂ ಮಾಡುತ್ತಿದ್ದರು. ಜಾಡಿಯನ್ನು ಕುದಿಯುವ ನೀರಲ್ಲಿ ಅದ್ದಿ ಎರಡು ದಿನ ಬಿಸಿಲಲ್ಲಿ ಒಣಗಿಸಬೇಕು, ಒಂದು ಹನಿ ಉಳಿದರೂ ಬೂಷ್ಟು ಹಿಡಿಯುತ್ತದೆ. ತುಂಬುವಾಗ ಅದುಮಿ ತುರುಕಬಾರದು. ಮೇಲೆ ಹೆಬ್ಬೆರಳಷ್ಟು ಜಾಗ ಗಾಳಿಗೆ ಬಿಡಬೇಕು, ಆ ಗಾಳಿಯಲ್ಲೇ ಅದು ಮೊದಲು ಹದಕ್ಕೆ ಬರುವುದು. ರಬ್ಬರ್ ಉಂಗುರ ಹೊಸದಿರಬೇಕು. ಬೆಳಕು ಬೀಳಬಾರದು, ಸೆಕೆ ತಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಮುಚ್ಚಿದ್ದನ್ನು ಸುಮ್ಮಸುಮ್ಮನೆ ತೆಗೆಯಬಾರದು. ಇಷ್ಟು ಎಲ್ಲರೂ ಮಾಡುತ್ತಾರೆ. ನಾನು ಇನ್ನೆರಡು ಸೇರಿಸಿದ್ದೆ. ಒಂದು, ಪ್ರತಿ ಜಾಡಿಯಲ್ಲೂ ಸರಿಯಾಗಿ ನೂರ ಹದಿನಾಲ್ಕು ಗ್ರಾಂ ತಂಬಾಕು ಹಾಕಿ, ಜಾಡಿಯ ಒಟ್ಟು ತೂಕವನ್ನು ತಳದಲ್ಲಿ ಬರೆದಿದ್ದೆ. ಎರಡು, ತಕ್ಕಡಿಗೆ ಅಂಟಿಸುವ ಹಾಗೆಯೇ ಮುಚ್ಚಳಕ್ಕೂ ಗಾಜಿಗೂ ಸೇರಿಸಿ ಸಹಿಯ ಚೀಟಿ ಅಂಟಿಸಿದ್ದೆ. ಚೀಟಿ ಹರಿಯದೆ ಮುಚ್ಚಳ ತೆಗೆಯಲು ಸಾಧ್ಯವಿಲ್ಲ.

ಆರು ವರ್ಷ ಯಾವುದನ್ನೂ ಮುಟ್ಟಬಾರದು, ಆಮೇಲೆ ವರ್ಷಕ್ಕೆ ಒಂದು ತೆಗೆಯಬೇಕು ಎಂದು ನಾನೇ ಹಾಕಿಕೊಂಡ ನಿಯಮ. ಹಾಗೆ ನಾಲ್ಕು ಜಾಡಿ ಮುಗಿದಿದ್ದವು. ಮೊದಲನೆಯದು ಚೆನ್ನಾಗಿತ್ತು, ಎರಡನೆಯದು ಇನ್ನೂ ಚೆನ್ನಾಗಿತ್ತು. ಹೋದ ವರ್ಷ ತೆಗೆದ ನಾಲ್ಕನೆಯದನ್ನಂತೂ ನಾನು ಸೇದಿದ್ದಕ್ಕಿಂತ ಮೂಸಿದ್ದೇ ಹೆಚ್ಚು. ಎಲೆಯೆಲ್ಲ ಕಪ್ಪಗಾಗಿ, ಒಣದ್ರಾಕ್ಷಿಯ ಸಿಹಿ, ಹಿಂದಿನಿಂದ ಒಂದು ಎಳೆ ಹುಳಿ, ಎಲೆಗಳ ಮೇಲೆ ಸಣ್ಣ ಸಕ್ಕರೆಪುಡಿಯಂಥ ಹೊಳಪು. ಆ ಹೊಳಪನ್ನು ನೋಡಿ ಬೂಷ್ಟು ಬಂದಿದೆಯೆಂದು ನನ್ನ ಹೆಂಡತಿ ಜಾಡಿಯನ್ನೇ ಕಸದ ಬುಟ್ಟಿಗೆ ಹಾಕಲು ಹೊರಟಿದ್ದಳು. ಅವತ್ತು ನಾನು ಕೂಗಿದ್ದು ಬೀದಿಯ ಕೊನೆಗೆ ಕೇಳಿಸಿತಂತೆ.

ಈ ವರ್ಷ ಐದನೆಯದರ ಸರದಿ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಮೇಜು ಒರೆಸಿ, ಜಾಡಿಯನ್ನು ತಂದಿಟ್ಟೆ. ಮೊದಲು ತೂಗಿದೆ. ತಳದಲ್ಲಿ ಬರೆದದ್ದು ಆರುನೂರ ನಲವತ್ತೆರಡು. ತಕ್ಕಡಿ ತೋರಿಸಿದ್ದೂ ಆರುನೂರ ನಲವತ್ತೆರಡು. ಚೀಟಿ ನೋಡಿದೆ, ಎಲ್ಲೂ ಹರಿದಿರಲಿಲ್ಲ, ಸಹಿ ನನ್ನದೇ. ಚೀಟಿ ಕತ್ತರಿಸಿ, ಕ್ಲಿಪ್ಪು ಎತ್ತಿ, ಕಣ್ಣುಮುಚ್ಚಿ ಜಾಡಿಯ ಬಾಯಿಗೆ ಮೂಗು ಹಿಡಿದೆ.

ಹುಲ್ಲಿನ ವಾಸನೆ ಬಂತು. ನಿನ್ನೆ ಮೊನ್ನೆ ಕೊಯ್ದು ಒಣಗಿಸಿದ ಹುಲ್ಲು. ಕಣ್ಣು ಬಿಟ್ಟರೆ ತಂಬಾಕು ಹೊಂಬಣ್ಣಕ್ಕಿತ್ತು.

ನಕ್ಕೆ. ಏನೋ ತಮಾಷೆ ಎಂದುಕೊಂಡು ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಮಾಷೆಯಾಗಿರಲಿಲ್ಲ. ಹತ್ತು ವರ್ಷ ಕತ್ತಲಲ್ಲಿ ಕೂತ ತಂಬಾಕು, ಹೋದ ವರ್ಷದ ಅಣ್ಣನಿಗಿಂತ ಹತ್ತು ವರ್ಷ ಚಿಕ್ಕದಾಗಿತ್ತು. ಯಾರೂ ತೆಗೆದಿಲ್ಲ ಎಂದು ಚೀಟಿ ಹೇಳುತ್ತಿತ್ತು. ಏನೂ ಹೋಗಿಲ್ಲ, ಏನೂ ಸೇರಿಲ್ಲ ಎಂದು ತಕ್ಕಡಿ ಹೇಳುತ್ತಿತ್ತು. ಮೂಗೊಂದೇ ಬೇರೆ ರಾಗ ಹಾಡುತ್ತಿತ್ತು.

ಹೆಂಡತಿಯನ್ನು ಕರೆದೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ಮೂಸಿದಳು.

"ನಂಗೆಲ್ಲಾ ಒಂದೇ ವಾಸನೆ. ಹೊಗೆಸೊಪ್ಪಿನ ವಾಸನೆ," ಅಂದಳು.

"ಬಣ್ಣ ನೋಡೇ. ಹೋದ ವರ್ಷದ್ದು ಹೀಗಿತ್ತಾ?"

"ಹೋದ ವರ್ಷದ್ದು ಯಾರಿಗೆ ನೆನಪಿರತ್ತೆ?" ಎಂದು ಮುಚ್ಚಳ ಹಾಕಿ ಒಳಗೆ ಹೋದಳು. ನೆನಪಿಲ್ಲದೆ ಏನು? ಕಸಕ್ಕೆ ಹಾಕಲು ಹೊರಟಿದ್ದವಳು ಅವಳೇ ಅಲ್ಲವೇ? ಆದರೆ ಆಗ ನನ್ನ ತಲೆಯೆಲ್ಲ ಜಾಡಿಯೊಳಗಿತ್ತು.

ಮೊದಲು ಮೂಗಿನ ಮೇಲೆ ಅನುಮಾನ ಬಂತು. ಅಡುಗೆಮನೆಯ ವಿನೆಗರ್ ಬಾಟಲಿ, ಬಚ್ಚಲಿನ ಸೋಪು, ಕಾರ್ಖಾನೆಯ ಎಣ್ಣೆ, ಎಲ್ಲವನ್ನೂ ಕಣ್ಣುಮುಚ್ಚಿ ಮೂಸಿ ನೋಡಿದೆ. ಒಂದೂ ತಪ್ಪಲಿಲ್ಲ. ನಿಯಮ ಮುರಿದು ಆರನೆಯದನ್ನು ತೆಗೆದೆ, ಹೊಂಬಣ್ಣ, ಹುಲ್ಲು. ಏಳನೆಯದೂ ಹಾಗೆಯೇ. ಎಂಟನೆಯದನ್ನೂ ತೆಗೆದೆ. ಅದು ಮಾತ್ರ ಕಪ್ಪಗೆ, ಸಿಹಿಯಾಗಿ, ಹೇಗಿರಬೇಕೋ ಹಾಗಿತ್ತು. ಒಂದೇ ಮೂಟೆ, ಒಂದೇ ಬೀರು, ಒಂದೇ ಕತ್ತಲೆ. ನಡುವಿನ ಮೂರು ಮಾತ್ರ ಯಾಕೆ ಎಳೆಯವಾದವು? ನಾಲ್ಕು ಜಾಡಿಯನ್ನೂ ಮತ್ತೆ ಮತ್ತೆ ತೂಗಿದೆ. ತಳದಲ್ಲಿ ಬರೆದದ್ದಕ್ಕೂ ತಕ್ಕಡಿಯ ಮುಳ್ಳಿಗೂ ಒಂದು ಗ್ರಾಂ ವ್ಯತ್ಯಾಸ ಕಾಣಲಿಲ್ಲ. ನನ್ನ ತಲೆ ಕೆಟ್ಟು ಮೊಸರಾಯಿತು.

ಮಧ್ಯಾಹ್ನ ಭಾಮೈದ ಇಸ್ಪೀಟಾಡಲು ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ದಿನಕ್ಕೆ ಅರ್ಧ ಪ್ಯಾಕು ಸಿಗರೇಟು ಸುಡುವವನು, ಪ್ರತಿ ಭಾನುವಾರ ಆ ಪ್ಯಾಸೇಜಿನಲ್ಲೇ ಓಡಾಡುವವನು. ನನಗೆ ಇನ್ನೇನು ಬೇಕು? ಎಲೆ ಹಂಚುವ ಮೊದಲೇ ಕೇಳಿಬಿಟ್ಟೆ.

"ನನ್ನ ಜಾಡಿಗೆ ಕೈ ಹಾಕಿದೀಯಾ?"

ಅವನು ನನ್ನನ್ನೂ ಅಕ್ಕನನ್ನೂ ನೋಡಿದ. ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು.

"ಭಾವ, ನಾನು ಕದ್ದೆ ಅಂತಾನೇ ಇಟ್ಕೊಳ್ಳಿ. ಕದ್ದೋನು ವಾಪಸ್ ತುಂಬಿಸಿ ಇಡ್ತಾನಾ? ಅಷ್ಟು ಒಳ್ಳೆ ಕಳ್ಳ ನಾನಲ್ಲಪ್ಪ."

ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಇಸ್ಪೀಟಿನಲ್ಲೂ ಸೋತೆ.

ಉಳಿದವನು ತಂಬಾಕು ಮಾರಿದವನು. ಅವನನ್ನು ನಾನು ಕೆಮ್ಮಣ್ಣ ಎನ್ನುತ್ತೇನೆ. ಜನ್ಮದಲ್ಲಿ ಒಂದು ದಮ್ಮು ಎಳೆದವನಲ್ಲ, ಆದರೂ ಮೂರು ಮಾತಿಗೊಮ್ಮೆ ಕೆಮ್ಮುತ್ತಾನೆ. ಮೂಟೆಯ ಮಧ್ಯೆ ಬೇರೆ ಮಾಲು ಬೆರೆಸಿದ್ದನೋ ಏನೋ, ಹೋಗಿ ಕೊರಳಪಟ್ಟಿ ಹಿಡಿದು ಕೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ.

"ಕೆಮ್ಮಣ್ಣ ಊರಲ್ಲಿಲ್ಲ ಕಣ್ರೀ. ಮಗಳ ಮನೆಗೆ ಹೋಗಿದಾನಂತೆ. ಅಂಗಡಿ ಬಾಗಿಲು ಹಾಕಿದೆ," ಎಂದಳು ಹೆಂಡತಿ.

"ನಿಂಗ್ಯಾರು ಹೇಳಿದ್ರು?"

"ಔಷಧ ತರೋಕೆ ಹೋದಾಗ ನೋಡ್ದೆ."

ಚಪ್ಪಲಿ ಬಿಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಬೇರೆ ಯಾರೂ ಉಳಿಯದಿದ್ದಾಗ ಉಳಿಯುವವನು ಒಬ್ಬನೇ. ನಾನೇ ತಪ್ಪು ತಂಬಾಕು ತುಂಬಿದ್ದೆನೇ? ಹತ್ತು ವರ್ಷದ ಹಿಂದೆ ತುಂಬಿದೆ ಎಂದುಕೊಂಡದ್ದು ಹೋದ ವರ್ಷವೇ? ಇನ್ನೂ ಒಂದು ವಿಷಯ ಕಾಡಲು ಶುರುವಾಯಿತು. ದಿನದ ಪೈಪಿನ ತಗಡಿನ ಡಬ್ಬಿ ಖಾಲಿಯೇ ಆಗುತ್ತಿರಲಿಲ್ಲ. ಸೇದುವುದು ಕಮ್ಮಿಯಾಗಿದೆ, ಒಳ್ಳೆಯದಾಯಿತು ಎಂದು ನಾನು ಎಷ್ಟೋ ತಿಂಗಳಿಂದ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ ಸಂಜೆ ಹಿಂದಿನ ಬಾಗಿಲಲ್ಲಿ ನಿಲ್ಲದ ದಿನವೇ ನೆನಪಿಗೆ ಬರುತ್ತಿರಲಿಲ್ಲ. ಸೇದುತ್ತಿದ್ದೇನೆ, ಡಬ್ಬಿ ಇಳಿಯುತ್ತಿಲ್ಲ. ಮುಚ್ಚಿಟ್ಟಿದ್ದೇನೆ, ಮಾಗುತ್ತಿಲ್ಲ. ಕಾಗದದ ಮೇಲೆ ಬರೆದು ಕೂಡಿಸಿ ಕಳೆದು ನೋಡಿದೆ. ಯಾವ ಕಡೆಯಿಂದ ಹೋದರೂ ಗೋಡೆಯೇ ಸಿಗುತ್ತಿತ್ತು.

ನನ್ನ ಭಯ ಏನೆಂದು ಬಾಯಿಬಿಟ್ಟೇ ಹೇಳುತ್ತೇನೆ. ನನ್ನಪ್ಪ ಕೊನೆಯ ಐದು ವರ್ಷ ನನ್ನನ್ನು ಗುರುತು ಹಿಡಿಯಲಿಲ್ಲ. ಮೊದಮೊದಲು ಸಣ್ಣ ಸಣ್ಣದು ತಪ್ಪುತ್ತಿತ್ತು, ಬೀಗದ ಕೈ, ವಾರದ ದಿನ. ಆಮೇಲೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಯಾರಪ್ಪಾ ನೀವು, ಯಾರು ಬೇಕಿತ್ತು, ಎಂದು ಮರ್ಯಾದೆಯಿಂದ ಕೇಳುತ್ತಿದ್ದರು. ಆ ಮರ್ಯಾದೆಯನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಹಿಂದಿನ ದಿನ ರಿಪೇರಿ ಮಾಡಿದ ತಕ್ಕಡಿಗಳನ್ನು, ಅವುಗಳ ಒಡೆಯರನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದೆ. ಎಲ್ಲ ಬಂದರೆ ಆ ದಿನ ಖುಷಿಯಾಗಿರುತ್ತಿದ್ದೆ.

ಬುಧವಾರ ಔಷಧದಂಗಡಿಯ ತಕ್ಕಡಿ ಸಿದ್ಧವಾಯಿತು. ಬಟ್ಟಿಟ್ಟು ನೋಡಿದೆ, ಸರಿಯಿತ್ತು. ಚೀಟಿಯ ಮೇಲೆ ಪೆನ್ನಿಟ್ಟೆ. ಸಹಿ ಹಾಕಲು ಕೈ ಬರಲಿಲ್ಲ. ಸರಿಯಿದೆ ಎಂದು ನನಗನಿಸುತ್ತಿದೆ, ಆದರೆ ನನಗನಿಸಿದ್ದಕ್ಕೆ ಏನು ಬೆಲೆ? ಯಾವುದೋ ಮಗುವಿಗೆ ಕೊಡುವ ಪುಡಿಯನ್ನು ಈ ತಕ್ಕಡಿಯಲ್ಲಿ ತೂಗುತ್ತಾರೆ. ಅಂಗಡಿಯವನಿಗೆ ಫೋನು ಮಾಡಿ ಇನ್ನೂ ಆಗಿಲ್ಲ ಎಂದೆ. ಗುರುವಾರ ಇನ್ನಿಬ್ಬರಿಗೂ ಹಾಗೆಯೇ ಹೇಳಿದೆ. ಶುಕ್ರವಾರ ಕಾರ್ಖಾನೆಯ ಬಾಗಿಲನ್ನೇ ತೆಗೆಯಲಿಲ್ಲ. ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ತಟ್ಟೆಗೆ ಹಾಕಿದ್ದು ಹಾಕಿದ ಹಾಗೇ ಇತ್ತು. ಹೆಂಡತಿ ಎರಡು ಸಲ ಬಂದು ನೋಡಿ ಹೋದಳು. ಮೂರನೆಯ ಸಲ ಬಂದವಳು ನೆಲದ ಮೇಲೆ ನನ್ನೆದುರಿಗೆ ಕೂತುಬಿಟ್ಟಳು.

"ನೋಡಿ, ಒಂದ್ ಮಾತು ಹೇಳ್ತೀನಿ. ಬಯ್ಯಬಾರ್ದು."

"ಏನು?"

"ಜಾಡಿ ನಾನೇ ಚೆಲ್ಲಿದ್ದು."

ನಾನು ಬೆಪ್ಪನಂತೆ ಅವಳ ಮುಖ ನೋಡಿದೆ.

"ನಾಲ್ಕು ತಿಂಗಳಾಯ್ತು. ಬೀರು ಒರೆಸೋಣ ಅಂತ ಆ ಮೂರನ್ನ ಕೆಳಗಿಳಿಸಿದ್ದೆ. ಚೀಟಿ ಮೇಲೆಲ್ಲಾ ಧೂಳು. ಒದ್ದೆ ಬಟ್ಟೇಲಿ ಒರೆಸಿದ್ನಾ, ಬಿಟ್ಕೊಂಡ್ ಬಿಡ್ತು. ಒಳಗೇನಾದ್ರೂ ಆಗಿದ್ಯಾ ನೋಡೋಣ ಅಂತ ಮುಚ್ಚಳ ತೆಗ್ದೆ. ಕೈ ತಪ್ಪಿ ಸೋಪಿನ ನೀರಿನ ಬಕೆಟ್ಟಿಗೆ ಬಿತ್ತು."

"ಮೂರೂನಾ?"

"ಮೂರೂ. ಒಂದನ್ನ ಹಿಡಿಯೋಕೆ ಹೋಗಿ ಇನ್ನೊಂದು. ನಿಮಗೆ ಹೇಳಿದ್ರೆ ಮನೆ ಸೂರು ಹಾರಿಸ್ತೀರಿ ಅಂತ ಕೆಮ್ಮಣ್ಣನ ಹತ್ರ ಅದೇ ತಂಬಾಕು ತಂದು ತುಂಬಿಸಿ ಚೀಟಿ ಅಂಟಿಸ್ದೆ. ನಿಮಗೆ ಗೊತ್ತಾಗಲ್ಲ ಅನ್ಕೊಂಡೆ."

ನನಗೆ ಸಿಟ್ಟು ಬರಬೇಕಿತ್ತು. ಹತ್ತು ವರ್ಷದ ಮೂರು ಜಾಡಿ ಸೋಪಿನ ನೀರಿಗೆ ಹೋಗಿದ್ದವು. ಆದರೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನನ್ನ ತಲೆ ಸರಿಯಿದೆ! ನನ್ನ ಮೂಗು ಸರಿಯಿದೆ! ಎದ್ದು ನಿಂತು ಅವಳಿಗೆ ಬಾಯಿಗೆ ಬಂದಂತೆ ಬೈದೆ. ಸಂತೋಷಕ್ಕೆ ಬೈದೆ. ಕೈ ಅಲ್ಲ ಅದು, ಮೊರ, ಎಂದೆ. ನಿನ್ನ ವಂಶದಲ್ಲೇ ಒಂದು ವಸ್ತು ನೆಟ್ಟಗೆ ಹಿಡಿದವರಿಲ್ಲ, ನಿನ್ನ ತಮ್ಮ ಬಸ್ಸು ಹೇಗೆ ರಿಪೇರಿ ಮಾಡುತ್ತಾನೋ ದೇವರೇ ಬಲ್ಲ, ಎಂದೆ. ಅವಳು ತಲೆತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಬೈಗುಳವನ್ನು ಎದುರುತ್ತರವಿಲ್ಲದೆ ಕೇಳಿದ್ದು ಅದೇ ಮೊದಲು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಸಿವಾಗುತ್ತಿತ್ತು. ಎರಡು ಸಲ ಬಡಿಸಿಕೊಂಡು ತಿಂದೆ.

ಶನಿವಾರ, ಭಾನುವಾರ, ಸೋಮವಾರ ಮೂರು ದಿನ ನನ್ನನ್ನು ಹಿಡಿಯುವವರಿರಲಿಲ್ಲ. ಬಾಕಿಯಿದ್ದ ತಕ್ಕಡಿಗಳಿಗೆಲ್ಲ ಸಹಿ ಹಾಕಿದೆ. ಭಾಮೈದನ ಕ್ಷಮೆ ಕೇಳಿದೆ, ಅವನು ಕ್ಷಮೆಗಿಂತ ಒಂದು ಪ್ಯಾಕು ಸಿಗರೇಟು ಕೊಡಿಸಿ ಎಂದ. ಅಕ್ಕ ಹೀಗೆ ಮಾಡಿದಳಂತೆ ಎಂದಾಗ ಮಾತ್ರ ಅವನು ನಗಲಿಲ್ಲ.

ಮಂಗಳವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಅಡುಗೆಮನೆಯಲ್ಲಿ ಕೂತಿದ್ದೆ. ಹೆಂಡತಿ ಹಿಟ್ಟು ಕಲಸುತ್ತಿದ್ದಳು. ಡಬ್ಬಿಯಿಂದ ಹಿಡಿ ಹಿಟ್ಟು ತೆಗೆದಳು, ನೋಡಿದಳು, ಇನ್ನರ್ಧ ಹಿಡಿ ಹಾಕಿದಳು. ನೀರನ್ನೂ ಹಾಗೆಯೇ ಸುರಿದಳು. ಮದುವೆಯಾದ ವರ್ಷ ನಾನೇ ಮಾಡಿಕೊಟ್ಟ ಅಡುಗೆಮನೆಯ ತಕ್ಕಡಿ ಅವಳ ಪಕ್ಕದಲ್ಲೇ ಇತ್ತು, ಅದರ ತಟ್ಟೆಯಲ್ಲಿ ಈರುಳ್ಳಿ ತುಂಬಿತ್ತು. ಅವಳು ಜನ್ಮದಲ್ಲಿ ಏನನ್ನೂ ತೂಗಿದವಳಲ್ಲ. ಕಣ್ಣಳತೆ, ಕೈಯಳತೆ. ಈ ವಿಷಯಕ್ಕೆ ನಾವು ಆಡಿದ ಜಗಳಕ್ಕೆ ಲೆಕ್ಕವಿಲ್ಲ.

ಕಪ್ಪು ಕೆಳಗಿಟ್ಟೆ. ಮೂರು ಜಾಡಿ. ಮೂರರಲ್ಲೂ ತಳದಲ್ಲಿ ಬರೆದ ತೂಕ, ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿಯಿಲ್ಲ.

"ಆ ತಂಬಾಕು ತುಂಬಿಸ್ದಾಗ ತೂಗಿದ್ಯಾ?" ಎಂದು ಕೇಳಿದೆ. ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ತೂಗೋದೇನು? ಮೊದಲೆಷ್ಟಿತ್ತೋ ಅಷ್ಟು ತುಂಬಿಸ್ದೆ," ಎಂದಳು, ಹಿಟ್ಟಿನಿಂದ ಕಣ್ಣೆತ್ತದೆ.

ಎದ್ದು ಪ್ಯಾಸೇಜಿಗೆ ಹೋದೆ. ಐದನೆಯದನ್ನೂ ಎಂಟನೆಯದನ್ನೂ ತಂದು ಕಾರ್ಖಾನೆಯ ದೀಪದ ಕೆಳಗಿಟ್ಟೆ. ಎಂಟರ ಚೀಟಿಯ ಮೇಲೆ ಸಹಿಯ ಮಸಿ ಮಾಸಿ ಕಂದಾಗಿತ್ತು, ಹತ್ತು ವರ್ಷದ ಮಸಿ ಹೇಗಿರಬೇಕೋ ಹಾಗೆ. ಐದರದು ನೀಲಿ, ಈಗ ನನ್ನ ಜೇಬಿನಲ್ಲಿದ್ದ ಪೆನ್ನಿನ ನೀಲಿ. ಸಹಿ ಮಾತ್ರ ಎರಡರಲ್ಲೂ ನನ್ನದೇ. ಒದ್ದೆ ಬಟ್ಟೆಗೆ ಬಿಟ್ಟುಕೊಂಡು ಮತ್ತೆ ಅಂಟಿದ ಚೀಟಿಯಲ್ಲ ಅದು, ಹೊಸದಾಗಿ ಬರೆದ ಚೀಟಿ.

ಹೆಂಡತಿಗೆ ಹೇಳದೆ ಚಪ್ಪಲಿ ಮೆಟ್ಟಿ ಹೊರಟೆ. ಕೆಮ್ಮಣ್ಣನ ಅಂಗಡಿ ಎರಡು ಬೀದಿಯಾಚೆ, ಚಪ್ಪಲಿ ಹೊಲಿಯುವವನಿಗೂ ಬೀಗದ ಅಂಗಡಿಗೂ ನಡುವೆ. ಬಾಗಿಲು ತೆರೆದೇ ಇತ್ತು. ದಾರಿಯಲ್ಲಿ ನಾನು ಏನು ಬೇಡಿಕೊಳ್ಳುತ್ತಿದ್ದೆ ಗೊತ್ತೇ? ಇವನು ನನಗೆ ಮೋಸ ಮಾಡಿರಲಿ, ಇವನು ಕಳ್ಳನಾಗಿರಲಿ, ಎಂದು. ಪಾಪದ ಮನುಷ್ಯ.

"ಬನ್ನಿ ಬನ್ನಿ," ಎಂದು ಕೆಮ್ಮಿದ. "ಇಷ್ಟು ಬೇಗ ಮತ್ತೆ ಬಂದ್ರಾ? ಹೋದ ತಿಂಗಳು ತಾನೇ ತಗೊಂಡ್ ಹೋದ್ರಿ."

"ಏನು ತಗೊಂಡ್ ಹೋದೆ?"

"ಅದೇ, ನಿಮ್ಮ ಮಾಮೂಲಿ. ನೂರ ಹದಿನಾಲ್ಕು ಗ್ರಾಂ." ಅವನು ನಗುತ್ತಿದ್ದ. "ಅಲ್ಲ ಸ್ವಾಮಿ, ನೂರು ತಗೊಳ್ಳಿ, ಇಲ್ಲಾ ನೂರೈವತ್ತು ತಗೊಳ್ಳಿ. ನೂರ ಹದಿನಾಲ್ಕು ಕೇಳೋರು ಪ್ರಪಂಚದಲ್ಲಿ ನೀವೊಬ್ರೇ. ಅದ್ರ ಮೇಲೆ ನನ್ನ ತಕ್ಕಡಿ ನಂಬಿಕೆ ಇಲ್ಲ ಅಂತ ಜೇಬಿಂದ ನಿಮ್ಮದೇ ತಕ್ಕಡಿ ತೆಗೀತೀರಿ. ನಾಲ್ಕು ಎಳೆ ಹೆಚ್ಚಾಯ್ತು ಅಂತ ವಾಪಸ್ ಹಾಕ್ತೀರಿ. ಮೂರು ಸಲಾನೂ ಅದೇ ಕಥೆ."

"ಮೂರು ಸಲ."

"ಮೂರೇ. ಯಾಕೆ, ಮಾಲು ಸರಿ ಇಲ್ವಾ?"

"ಸರಿಯಿದೆ," ಎಂದೆ. "ನಮ್ಮನೆಯವರು ಯಾವಾಗಾದ್ರೂ ಬಂದಿದ್ರಾ?"

"ಅಮ್ಮನವರಾ? ಇಲ್ಲಪ್ಪ. ಅವ್ರು ಈ ಅಂಗಡಿ ಮೆಟ್ಟಿಲು ಹತ್ತಿದ್ದನ್ನ ನಾನು ನೋಡೇ ಇಲ್ಲ."

"ನೀವು ಮಗಳ ಮನೆಗೆ ಹೋಗಿದ್ರಂತಲ್ಲ?"

"ನನಗೆಲ್ಲಿ ಮಗಳು ಸ್ವಾಮಿ? ಇರೋರೆಲ್ಲಾ ಗಂಡು." ಮತ್ತೆ ಕೆಮ್ಮಿದ. ಆಮೇಲೆ ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟ, ನೀರು ಕೊಟ್ಟ. ಕುಡಿದೆ.

ವಾಪಸ್ಸು ಬರುವಾಗ ನೆನಪು ಮಾಡಿಕೊಳ್ಳಲು ನೋಡಿದೆ. ಆ ಮೂರು ಜಾಡಿಯ ತಂಬಾಕನ್ನು ನಾನು ಸೇದಿದ್ದೇನೆ. ಸಂಜೆ ಸಂಜೆಗೆ, ಹಿಂದಿನ ಬಾಗಿಲಲ್ಲಿ ನಿಂತು, ತಗಡಿನ ಡಬ್ಬಿಯದು ಎಂದುಕೊಂಡು. ಹತ್ತು ವರ್ಷ ಕಾದದ್ದನ್ನು ರುಚಿಯೂ ನೆನಪಿಲ್ಲದ ಹಾಗೆ ಮುಗಿಸಿದ್ದೇನೆ. ಮುಗಿದದ್ದು ಕಂಡಾಗ ಹೆದರಿ, ಯಾರಿಗೂ ಗೊತ್ತಾಗಬಾರದೆಂದು ಗ್ರಾಂ ಲೆಕ್ಕದಲ್ಲಿ ತುಂಬಿಸಿ, ಸಹಿ ಹಾಕಿ, ಅದನ್ನೂ ಕಳೆದುಕೊಂಡಿದ್ದೇನೆ. ಎಷ್ಟು ಹುಡುಕಿದರೂ ಒಂದು ಚೂರು ಸಿಗಲಿಲ್ಲ. ಬೇರೆ ಯಾರದೋ ಕಥೆ ಕೇಳಿದ ಹಾಗಿತ್ತು. ಹೆಂಡತಿ ಮಾತ್ರ ಎಲ್ಲ ನೋಡಿದ್ದಳು. ಅಡುಗೆಮನೆಯಿಂದ ಆ ಬೀರು ನೇರವಾಗಿ ಕಾಣುತ್ತದೆ. ತಿಂಗಳುಗಟ್ಟಲೆ ನೋಡಿ, ನುಂಗಿಕೊಂಡು, ನಾನು ಸ್ಟೂಲಿನ ಮೇಲೆ ಕೂತು ಊಟ ಬಿಟ್ಟಾಗ ಬೇರೇನೂ ತೋಚದೆ ಆ ಬಕೆಟ್ಟನ್ನು ಹುಟ್ಟಿಸಿದ್ದಳು. ನಾನು ಅವಳ ವಂಶವನ್ನೇ ಬೈದಿದ್ದೆ.

ಮನೆಗೆ ಬಂದವನು ಮೊದಲು ಕಾರ್ಖಾನೆಗೆ ಹೋದೆ. ಶನಿವಾರದಿಂದ ಸಹಿ ಹಾಕಿದ ತಕ್ಕಡಿಗಳಲ್ಲಿ ಮೂರು ಇನ್ನೂ ಮೇಜಿನ ಮೇಲಿದ್ದವು. ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದೆ. ಆಗಲೇ ತಲುಪಿಸಿದ್ದು ಎರಡು. ಎರಡನ್ನೂ ಇನ್ನೊಬ್ಬರ ಹತ್ತಿರ ನೋಡಿಸಿ ಎಂದು ಫೋನು ಮಾಡಿದೆ. ಯಾಕೆ ಎಂದು ಕೇಳಿದರು. ನನ್ನ ಬಟ್ಟುಗಳ ಮೇಲೆ ಅನುಮಾನವಿದೆ ಎಂದೆ. ನಲವತ್ತು ವರ್ಷದಲ್ಲಿ ಇಂಥ ಫೋನು ಮಾಡಿದ್ದು ಮೊದಲ ಸಲ.

ತಿರುಗಿ ನೋಡಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ಎಲ್ಲಿಗ್ ಹೋಗಿದ್ರಿ?"

"ಕೆಮ್ಮಣ್ಣನ ಅಂಗಡಿಗೆ."

ಅವಳ ಮುಖದಲ್ಲಿ ರಕ್ತ ಉಳಿಯಲಿಲ್ಲ. ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ನಮ್ಮ ಮಗಳ ಹೆರಿಗೆಯ ದಿನ ಕೂಡ. ನನ್ನ ಭಯವೇ ದೊಡ್ಡದು ಎಂದುಕೊಂಡಿದ್ದೆ, ಅವಳದು ಅದಕ್ಕಿಂತ ದೊಡ್ಡದಿತ್ತು. 'ಗೊತ್ತಾಯಿತು' ಎಂದು ಹೇಳಿಬಿಡಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

"ಏನಂದ?" ಎಂದಳು.

"ನಾಲ್ಕು ತಿಂಗಳ ಹಿಂದೆ ನಿಮ್ಮನೆಯವರು ಬಂದು ತಂಬಾಕು ತಗೊಂಡ್ ಹೋದ್ರು ಅಂದ," ಎಂದೆ.

ಅವಳು ಅಂಗಡಿಗೆ ಹೋಗಿರಲಿಲ್ಲ. ಹೋಗಿರಲಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿಕೊಂಡವು, ಹಿಟ್ಟಿನ ಕೈಯಾದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ನಾನು ನನ್ನ ಅಂಗಿಯ ತೋಳಿನಿಂದ ಒರೆಸಿದೆ.

"ಇನ್ಮೇಲೆ ಏನಾದ್ರೂ ಚೆಲ್ಲಿದ್ರೆ ಬಚ್ಚಿಡಬೇಡ. ನಾನು ಬೈದ್ರೆ ಬೈಸ್ಕೋ. ಆದ್ರೂ ನಂಗೆ ಹೇಳು," ಎಂದೆ.

"ಹೇಳ್ತೀನಿ," ಎಂದಳು. "ಪ್ರತಿ ಸಲಾನೂ ಹೇಳ್ತೀನಿ."